ಅಡುಗೆಮನೆಯೊಂದು ಉಳಿದಿದೆ

ಕಲಬುರಗಿ
21 ಜೂನ್ 2024

ಚಿ. ಸೌ. ಲಹರಿಗೆ ಅತ್ತೆ ಶರಣಬಸಮ್ಮನ ಆಶೀರ್ವಾದ.

ಮೊಣಕಾಲಿನ ಹೊಲಿಗೆ ಮಾಸಿದೆ. ಕೋಲು ಹಿಡಿದು ಮಗಳು ಶೈಲಶ್ರೀಯ ಮನೆಯ ಅಂಗಳದವರೆಗೆ ನಡೆಯುತ್ತೇನೆ. ನನ್ನ ಸಮಾಚಾರ ಇಷ್ಟೇ, ಇನ್ನು ವಿಷಯಕ್ಕೆ ಬರುತ್ತೇನೆ.

ನಿನ್ನೆ ಮಹೇಶ ಫೋನು ಮಾಡಿದ್ದ. ನನ್ನ ಕಿವಿಗೆ ಕೇಳದೆಂದು ಅವನು ಹೇಳಿದ್ದನ್ನು ಶೈಲಶ್ರೀ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು. ಬೇಗಂ ಬಜಾರಿನ ನಮ್ಮ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಕಟ್ಟಿಸುತ್ತಾರಂತೆ. ಆಗಸ್ಟ್ ಮುಗಿಯುವುದರೊಳಗೆ ಬಿಡಬೇಕಂತೆ. ನೀವು ಲಿಂಗಂಪಲ್ಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡೂ ಆಗಿದೆಯಂತೆ. ಆಪರೇಷನ್ ಆದವರಿಗೆ ಯಾಕೆ ಚಿಂತೆ ಎಂದು ಇಷ್ಟು ದಿನ ತಿಳಿಸಲಿಲ್ಲವಂತೆ. ಒಳ್ಳೆಯದಾಯಿತು. ಮಹೇಶನಿಗೆ ಕಾರ್ಖಾನೆ ಹತ್ತಿರವಾಗುತ್ತದೆ. ರೈಲಿನಲ್ಲಿ ನಿಂತು ನಿಂತು ಅವನ ಕಾಲೂ ನನ್ನ ಕಾಲಿನಂತಾಗುತ್ತಿತ್ತು.

ಒಂದು ಮಾತು. ಸಾಮಾನು ಕಟ್ಟುವವರು ಬಂದರೆ ಹಾಲ್‌ನದು, ಕೋಣೆಯದು ಕಟ್ಟಲಿ. ಅಡುಗೆಮನೆಯನ್ನು ಅವರ ಕೈಗೆ ಕೊಡಬೇಡ. ಉಪ್ಪಿನಕಾಯಿಯ ಭರಣಿಗಳನ್ನು ಮಲಗಿಸಬಾರದು. ರೊಟ್ಟಿ ಹಂಚಿನ ಮೇಲೆ ಭಾರ ಇಡಬಾರದು. ಅಟ್ಟದ ಮೇಲೆ ಏನೇನಿದೆಯೋ ನನಗೇ ಮರೆತಿದೆ. ಇಳಿಸಿ ನೋಡಿ, ನನಗೆ ಬರೆ. ಏನು ಮಾಡಬೇಕೆಂದು ತಿಳಿಸುತ್ತೇನೆ.

ಶೈಲಾಳ ಫೋನಿಗೆ ಮೆಸೇಜು ಕಳಿಸಬೇಡ. ಅಳಿಯನಿಂದ ಹಿಡಿದು ಮನೆಯವರೆಲ್ಲ ಓದುತ್ತಾರೆ. ನನ್ನ ಅಡುಗೆಮನೆಯ ಮಾತು ನನಗೂ ನಿನಗೂ ಇರಲಿ. ಕಾಗದ ಬರೆ.

ಪಿಂಕಿಗೆ ಮುದ್ದು.

ಶರಣಬಸಮ್ಮ


ಬೇಗಂ ಬಜಾರ್, ಹೈದರಾಬಾದ್
1 ಜುಲೈ 2024

ಅತ್ತೆಯವರಿಗೆ ಲಹರಿಯ ಶರಣು.

ನಿಮ್ಮ ಕಾಗದ ಬಂದ ದಿನ ಪೋಸ್ಟ್‌ಮನ್‌ ಕೆಳಗೇ ನಿಂತು ಕೂಗಿದ. ಈ ಮನೆಗೆ ಬ್ಯಾಂಕಿನ ಲಕೋಟೆ ಬಿಟ್ಟು ಬೇರೆ ಕಾಗದ ಬಂದು ಎಷ್ಟು ವರ್ಷವಾಯಿತೋ. ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದ ನಾವು ಒಬ್ಬರಿಗೊಬ್ಬರು ಬರೆದದ್ದು ಇದೇ ಮೊದಲಲ್ಲವೇ? ನಿಮ್ಮ ಅಕ್ಷರ ಇಷ್ಟು ದುಂಡಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಭಾನುವಾರ ಅಟ್ಟದ ಸಾಮಾನು ಇಳಿಸಿದೆವು. ಮಹೇಶ ಸ್ಟೂಲಿನ ಮೇಲೆ, ನಾನು ಕೆಳಗೆ, ಪಿಂಕಿ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಬಾಗಿಲಲ್ಲಿ. ಮೊದಲು ಇಳಿದದ್ದು ತಾಮ್ರದ ಹಂಡೆ. ಅದರೊಳಗೆ ಕೌದಿಗಳು, ಕೌದಿಯೊಳಗೆ ತೊಟ್ಟಿಲಿನ ಹಿತ್ತಾಳೆ ಸರಪಳಿ. ಪಿಂಕಿ ಹಂಡೆಯೊಳಗೆ ಕುಳಿತು ಏಳಲು ಒಪ್ಪಲಿಲ್ಲ. ಕಡೆಗೆ ಮೂಲೆಯಲ್ಲಿದ್ದ ಬೀಸುವ ಕಲ್ಲು. ಅದನ್ನು ಕಂಡದ್ದೇ ನಿಮ್ಮ ಮಗ ಸ್ಟೂಲಿನ ಮೇಲಿಂದಲೇ ಭಾಷಣ ಶುರುಮಾಡಿದರು.

"ಮಿಕ್ಸರ್ ಐತಿ, ಗ್ರೈಂಡರ್ ಐತಿ. ಈ ಕಲ್ಲ ಹೊತ್ಗೊಂಡು ನಾಕನೇ ಮಜಲಿಗೆ ಹೋಗೋಣೇನು?"

"ಲಿಫ್ಟ್ ಇದೆಯಲ್ಲ" ಅಂದೆ.

"ಲಿಫ್ಟ್ ಮಂದೀಗ ಮಾಡ್ಯಾರ, ಕಲ್ಲಿಗಲ್ಲ."

ಕೆಳಗಿನ ಮನೆಯ ಸುಂದರಾಬಾಯಿ ಸದ್ದು ಕೇಳಿ ಮೇಲೆ ಬಂದರು. ನಿಮ್ಮ ಸಾಮಾನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ "ಶರಣಕ್ಕ ಇಲ್ದ ಇದನ್ನೆಲ್ಲಾ ತಗಿಬಾರದಿತ್ತು ನೀವು" ಎಂದು ಇಳಿದು ಹೋದರು. ನನಗೆ ಕಸಿವಿಸಿಯಾಯಿತು. ನೀವು ಹೇಳಿದ್ದಕ್ಕೇ ಇಳಿಸಿದೆ ಎಂದು ಹೇಳಬೇಕೆಂದರೆ ಅಷ್ಟರಲ್ಲಿ ಅವರು ಮೆಟ್ಟಿಲು ಇಳಿದಾಗಿತ್ತು.

ಇನ್ನು ಡಬ್ಬಿಗಳು. ನೀವು ಯಾವುದರಲ್ಲಿ ಏನಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದಿರಿ. ನನಗೆ ಒಂದೊಂದನ್ನೂ ತೆಗೆದು ಮೂಸಬೇಕಾಯಿತು. ಗುರೆಳ್ಳು ಹಿಂಡಿ, ನಮ್ಮೂರಿನವರ ಚಟ್ನಿಪುಡಿ, ಇನ್ನೂ ಚೆನ್ನಾಗಿದೆ. ಶೇಂಗಾ ಹಿಂಡಿ ಮುಗಿಸಿದೆವು. ಬಿಸಿಲಿಗೆ ಒಣಗಿಸಿದ ಸಂಡಿಗೆ ಎರಡು ಡಬ್ಬಿ ಇವೆ. ಹಂಡೆ, ಬೀಸುವ ಕಲ್ಲು, ಸರಪಳಿ, ಕೌದಿ, ಇವಕ್ಕೆ ಏನು ಮಾಡಲಿ?

ನಿಮ್ಮ ಲಹರಿ


ಕಲಬುರಗಿ
5 ಜುಲೈ 2024

ಚಿ. ಸೌ. ಲಹರಿಗೆ ಆಶೀರ್ವಾದ.

ಬೀಸುವ ಕಲ್ಲನ್ನು ಸುಂದರಾಬಾಯಿಗೆ ಕೊಡು. ಅವಳು ಈಗಲೂ ಅರಿಶಿನ ಬೀಸಿಕೊಳ್ಳುತ್ತಾಳೆ. ಅವಳ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನಗೆ ಕಿವಿ ಹೋದ ಮೇಲೆ ನನ್ನ ಪರವಾಗಿ ಎಲ್ಲರ ಜೊತೆ ಮಾತನಾಡುವುದು ಅವಳ ಕೆಲಸ ಎಂದುಕೊಂಡಿದ್ದಾಳೆ. ಕಲ್ಲು ಕೊಡುವಾಗ ಮಹೇಶ ಹೊತ್ತುಕೊಂಡು ಹೋಗಲಿ, ನೀನು ಎತ್ತಬೇಡ.

ಹಂಡೆ ನಿಮ್ಮ ಮಾವ ತಂದದ್ದು. ಗೀಜರ್ ಇದ್ದರೂ ಇರಲಿ. ಸರಪಳಿ ಇರಲಿ. ಕೌದಿಗಳಲ್ಲಿ ನೀಲಿ ಅಂಚಿನದು ನಾನು ಹೊಲಿದದ್ದು, ಉಳಿದವು ಹರಿದಿದ್ದರೆ ಭರಣಿಗಳಿಗೆ ಸುತ್ತಲು ಬಳಸು. ಕಾಗದ ಸುತ್ತಿದರೆ ಭರಣಿ ಒಡೆಯುತ್ತದೆ. ಸಂಡಿಗೆಯನ್ನು ಪಿಂಕಿಗೆ ಕರಿದು ಕೊಡು, ಹೊಸ ಮನೆಗೆ ಹಳೆಯ ಸಂಡಿಗೆ ಏಕೆ?

ನೀನು ಡಬ್ಬಿ ಮೂಸಿದ್ದನ್ನು ಓದಿ ನಕ್ಕೆ. ಶೈಲಶ್ರೀ ಏನೆಂದು ಕೇಳಿದಳು. ಹೇಳಲಿಲ್ಲ.

ನಾನು ಬರೆಯುವುದು ಶಾಲೆಯ ಕನ್ನಡ. ಏಳನೆಯ ಇಯತ್ತೆಯವರೆಗೆ ಮಾಸ್ತರರು ಹೀಗೇ ಕಲಿಸಿದ್ದು. ಮಾತಾಡಿದಂತೆ ಬರೆದರೆ ಕೈಗೆ ಕೋಲು ಬೀಳುತ್ತಿತ್ತು. ನೀನು ದಾವಣಗೆರೆಯವಳು, ನನ್ನ ಮಾತು ನಿನಗೆ ಒರಟು ಎನಿಸುತ್ತಿತ್ತೋ ಏನೋ. ಬರವಣಿಗೆಯಲ್ಲಿ ಇಬ್ಬರೂ ಒಂದೇ ಊರಿನವರಂತೆ ಕಾಣುತ್ತೇವೆ.

ಹೊಸ ಮನೆ ಹೇಗಿದೆ? ಎಷ್ಟು ಕೋಣೆ? ಅಡುಗೆಮನೆಗೆ ಕಿಟಕಿ ಇದೆಯೇ?

ಶರಣಬಸಮ್ಮ


ಬೇಗಂ ಬಜಾರ್
14 ಜುಲೈ 2024

ಅತ್ತೆಯವರಿಗೆ ಶರಣು.

ಕಿಟಕಿ ಇದೆ! ದೊಡ್ಡದು. ಅಲ್ಲಿಂದ ರೈಲು ಕಾಣುತ್ತದೆ. ಇಲ್ಲಿಯ ಹಾಗೆ ಮೆಣಸಿನಕಾಯಿ ಗೋದಾಮಿನ ಗೋಡೆಯಲ್ಲ. ಮೊನ್ನೆ ಆ ಕಿಟಕಿಯ ಮುಂದೆ ನಿಂತೇ ಇದ್ದೆ. ಸೀನು ಬರದೆ ಅಡುಗೆ ಮಾಡಬಹುದಲ್ಲ ಎನಿಸಿತು.

ಮಲಗುವ ಕೋಣೆ ಎರಡು. ಒಂದು ನಮ್ಮದು, ಇನ್ನೊಂದು ಪಿಂಕಿಯದು. ಪಿಂಕಿ ಆಗಲೇ ಗೋಡೆಗೆ ಬಣ್ಣ ಆರಿಸಿದ್ದಾಳೆ, ಗುಲಾಬಿಯಂತೆ. ಅವಳಪ್ಪ ಬೇಡ ಅಂದರೂ ಕೇಳಳು. ಹಾಲ್ ಉದ್ದವಿದೆ, ಬಾಲ್ಕನಿ ಚಿಕ್ಕದು. ಎದುರು ಮನೆಯಲ್ಲಿ ಕರೀಂನಗರದ ಕಡೆಯ ತೆಲುಗಿನವರಿದ್ದಾರೆ. ನಮ್ಮನ್ನು ನೋಡಿದ ಕೂಡಲೇ ಟೀ ಕೊಟ್ಟರು.

ಇಲ್ಲಿ ದಿನಾ ಸಾಮಾನು ಕಟ್ಟುವ ಕೆಲಸವೇ. ಪುಸ್ತಕ ಮುಗಿಯಿತು, ಬಟ್ಟೆ ಅರ್ಧವಾಗಿದೆ. ಕಟ್ಟಿದ ಪೆಟ್ಟಿಗೆಗಳಿಂದ ಪಿಂಕಿ ಹಾಲ್‌ನಲ್ಲಿ ಮನೆ ಕಟ್ಟಿ ಆಡುತ್ತಾಳೆ. ಸುಂದರಾಬಾಯಿಗೆ ಕಲ್ಲು ಕೊಟ್ಟೆವು. ಕಣ್ಣೊರೆಸಿಕೊಂಡರು, ಆಮೇಲೆ ಮಹೇಶನಿಂದಲೇ ಆ ಕಡೆ ಸರಿಸು, ಈ ಕಡೆ ಸರಿಸು ಎಂದು ಅರ್ಧ ಗಂಟೆ ದುಡಿಸಿದರು.

ಮುಹೂರ್ತ ಶ್ರಾವಣದ ಕೊನೆಯ ವಾರ, ಗುರುವಾರ. ಅಡುಗೆಮನೆಯದ್ದು ಇನ್ನೂ ಮುಟ್ಟಿಲ್ಲ.

ನಿಮ್ಮ ಲಹರಿ


ಕಲಬುರಗಿ
22 ಜುಲೈ 2024

ಚಿ. ಸೌ. ಲಹರಿಗೆ,

ನಿನ್ನ ಕಾಗದ ತಲುಪಿತು. ಮನೆ ಚೆನ್ನಾಗಿದೆ ಎಂದು ತಿಳಿದು ಸಂತೋಷ.

ಶೈಲಶ್ರೀ ಇಲ್ಲಿಯೇ ಇರು ಎನ್ನುತ್ತಿದ್ದಾಳೆ. ಇಲ್ಲಿ ಮನೆ ನೆಲಕ್ಕೇ ಇದೆ, ಮೆಟ್ಟಿಲಿಲ್ಲ. ನಾನೂ ಹೂಂ ಎಂದೆ. ಸೋದರಳಿಯ ವೈಜನಾಥ ಮುಂದಿನ ವಾರ ಹೈದರಾಬಾದಿಗೆ ಬರುತ್ತಾನೆ. ನನ್ನ ಟ್ರಂಕನ್ನು ಅವನ ಕೈಯಲ್ಲಿ ಕೊಟ್ಟು ಕಳಿಸು. ಮಾವನ ಫೋಟೋ ಮಹೇಶನ ಬಳಿ ಇರಲಿ.

ಅಡುಗೆಮನೆಯನ್ನು ನಿನಗೆ ತಿಳಿದಂತೆ ಕಟ್ಟು. ಯಾವುದನ್ನು ಇಟ್ಟರೂ ಬಿಟ್ಟರೂ ನನ್ನದೇನೂ ಇಲ್ಲ. ನಡೆಸುವವಳು ನೀನು.

ಕಾಲು ಚೆನ್ನಾಗಿದೆ.

ಶರಣಬಸಮ್ಮ


ಬೇಗಂ ಬಜಾರ್
30 ಜುಲೈ 2024

ಅತ್ತೆಯವರಿಗೆ ಶರಣು.

ವೈಜನಾಥ ಬಂದಿದ್ದ. ಟ್ರಂಕು ಕೊಡಲಿಲ್ಲ. ಊಟ ಹಾಕಿ ಬರಿಗೈಯಲ್ಲಿ ಕಳಿಸಿದ್ದೇನೆ. ಅವನ ಮೇಲೆ ಸಿಟ್ಟಾಗಬೇಡಿ, ಪಾಪ, ಎರಡು ಸಲ ಕೇಳಿದ.

ನಿಮ್ಮ ಕಾಗದವನ್ನು ಮೊದಲ ಸಲ ಓದಿದಾಗ ನನಗೆ ಅರ್ಥವಾಗಲಿಲ್ಲ. ಆಶೀರ್ವಾದವಿಲ್ಲ, ಪಿಂಕಿಯ ಹೆಸರಿಲ್ಲ. ಮಹೇಶನಿಗೆ ತೋರಿಸಿದೆ. ಅವರು ಓದಿ, "ಅವ್ವಗ ಅಲ್ಲೇ ಆರಾಮ ಇದ್ರ ಇರ್ಲಿ ಬಿಡು. ಶೈಲಾ ಚೆಂದ ನೋಡ್ಕೊಳ್ತಾಳ" ಎಂದು ಟಿವಿ ಹಚ್ಚಿದರು. ನಾನು ಟಿವಿ ಆರಿಸಿದೆ.

"ಯಾಕ ಹಿಂಗ ಬರದಾರ ಅಂತ ಕೇಳೋದಿಲ್ವಾ ನೀವು?"

"ಏನ್ ಕೇಳ್ಲಿ? ಫೋನಿನ್ಯಾಗ ಆಕಿಗಿ ಕೇಳಿಸ್ತದೇನು?"

ಅವರ ಮಾತಿಗೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದು ನಿಜವೇ. ಕೇಳಬೇಕಾದದ್ದು ನಾನು, ಅದೂ ಕಾಗದದಲ್ಲಿ. ನನ್ನ ಹಿಂದಿನ ಕಾಗದದಲ್ಲಿ ಏನು ಬರೆದೆ ಎಂದು ನೆನಪು ಮಾಡಿಕೊಂಡೆ. ಒಂದು ಕೋಣೆ ನಮ್ಮದು, ಇನ್ನೊಂದು ಪಿಂಕಿಯದು. ಬರೆದ ಕೈ ನನ್ನದೇ.

ಅತ್ತೀ, ಪಿಂಕಿಯದು ಎಂದರೆ ನಿಮ್ಮದೂ ಎಂದೇ. ಅವಳು ಹುಟ್ಟಿದಾಗಿನಿಂದ ನಿಮ್ಮ ಪಕ್ಕದಲ್ಲೇ ಮಲಗಿದವಳು. ನೀವು ಊರಿಗೆ ಹೋದ ಮೇಲೆ ರಾತ್ರಿ ನಿಮ್ಮ ದಿಂಬು ಹಿಡಿದುಕೊಂಡು ಮಲಗುತ್ತಾಳೆ. ಆ ಕೋಣೆಗೆ ಎರಡು ಮಂಚ ಅಳತೆ ಕೊಟ್ಟು ಬಂದಿದ್ದೇವೆ. ನಿಮ್ಮದು ತಗ್ಗಿನದು, ಕಾಲು ಮಡಿಸದೆ ಏಳಲು ಆಗುವಂಥದ್ದು. ಇದನ್ನು ಬರೆಯಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನೀವು ಇರುವುದನ್ನು ಯಾರಿಗಾದರೂ ಹೇಳಬೇಕೇ?

ಇಷ್ಟು ಬರೆದ ಮೇಲೆ ಇನ್ನೊಂದೂ ಬರೆಯುತ್ತೇನೆ. ನೀವು ಹೋದ ಮೊದಲ ವಾರ ನನಗೆ ಹಗುರವೆನಿಸಿತು. ಒಗ್ಗರಣೆಗೆ ಸಾಸಿವೆಗಿಂತ ಮೊದಲು ಜೀರಿಗೆ ಹಾಕಿದರೆ ಹಿಂದಿನಿಂದ ನೋಡುವವರಿರಲಿಲ್ಲ. ಎರಡನೆಯ ವಾರಕ್ಕೆ ಅಡುಗೆಮನೆ ಬಿಕೋ ಎನ್ನತೊಡಗಿತು. ನಿಮಗೆ ಕೇಳದಾದ ಮೇಲೆ ನಾನು ಮಾತು ಕಡಿಮೆ ಮಾಡಿದ್ದೆ. ಕೂಗಿ ಹೇಳಿದರೆ ಕೆಳಗಿನವರು ಜಗಳವೆಂದುಕೊಳ್ಳುತ್ತಾರಲ್ಲ. ಬರಬರುತ್ತಾ ಬೇಕಾದದ್ದಕ್ಕೆ ಮಾತ್ರ ಸನ್ನೆ. ಈಗ ಪೋಸ್ಟ್‌ಮನ್‌ ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತೇನೆ. ನಿಮಗೆ ಹೇಳುವುದು ಇಷ್ಟೊಂದಿತ್ತೇ ಎಂದು ನನಗೇ ಆಶ್ಚರ್ಯ.

ನಿಮಗೆ ನಿಜವಾಗಿಯೂ ಶೈಲಕ್ಕನ ಮನೆಯಲ್ಲೇ ಇರಬೇಕೆನಿಸಿದ್ದರೆ ಇರಿ, ನಾನು ಅಡ್ಡ ಬರುವುದಿಲ್ಲ. ಆದರೆ ಕೋಣೆ ಇಲ್ಲವೆಂದುಕೊಂಡು ಇರಬೇಡಿ.

ಇಡೀ ಮನೆಯ ಸಾಮಾನು ಕಟ್ಟಿಯಾಗಿದೆ. ಅಡುಗೆಮನೆಯೊಂದು ಉಳಿದಿದೆ. ಅದನ್ನು ನಾನು ಕಟ್ಟುವುದಿಲ್ಲ. ನೀವು ಬಂದು ಕುಳಿತು ಹೇಳಿ, ನಾನು ಸುತ್ತಿ ಇಡುತ್ತೇನೆ. ಬರದಿದ್ದರೆ ಮಾಲೀಕರು ಭರಣಿಗಳ ಸಮೇತ ಮನೆ ಕೆಡವಲಿ.

ನಿಮ್ಮ ಲಹರಿ


ಕಲಬುರಗಿ
7 ಆಗಸ್ಟ್ 2024

ಚಿ. ಸೌ. ಲಹರಿಗೆ ಅತ್ತೆಯ ಆಶೀರ್ವಾದ. ಪಿಂಕಿಗೆ ಮುದ್ದು.

ಭರಣಿಗಳ ಸಮೇತ ಕೆಡವಲಿ ಎಂದು ಬರೆದಿದ್ದೀಯಲ್ಲ, ಅವುಗಳಲ್ಲಿ ಒಂದು ಚೀನೀ ಮಣ್ಣಿನದು, ಈಗ ಸಿಗುವುದಿಲ್ಲ. ಇಂಥ ಮಾತು ಮತ್ತೆ ಬರೆಯಬೇಡ.

ನನ್ನ ಕೋಣೆ ಯಾವುದು ಎಂದು ನಾನು ಕೇಳಿರಲಿಲ್ಲ. ಅಡುಗೆಮನೆಗೆ ಕಿಟಕಿ ಇದೆಯೇ ಎಂದು ಕೇಳಿದೆ. ನೀನು ಏನೇನೋ ಅರ್ಥ ಮಾಡಿಕೊಂಡಿದ್ದೀಯ.

ನಿನ್ನ ಕಾಗದ ಓದುವಾಗ ಶೈಲಶ್ರೀ ನನ್ನ ಮುಖ ನೋಡುತ್ತಿದ್ದಳು. ಓದಿ ಮಡಚಿಟ್ಟೆ. ಅವಳು ಒಳಗೆ ಹೋಗಿ ನನ್ನ ಸೀರೆಗಳನ್ನು ಬ್ಯಾಗಿಗೆ ತುಂಬತೊಡಗಿದಳು. ಮಕ್ಕಳಿಗೆ ತಾಯಂದಿರ ಮುಖ ಓದಲು ಕಾಗದ ಬೇಡ.

ಡಾಕ್ಟರರಿಗೆ ತೋರಿಸಿದೆವು. ನಡೆಯಬಹುದಂತೆ, ರೈಲು ಹತ್ತಬಹುದಂತೆ. ಬೇಗಂ ಬಜಾರಿನ ಮೆಟ್ಟಿಲು ಎಂಥದ್ದೆಂದು ಕೈಯಿಂದ ತೋರಿಸಿದೆ. ಕಡಿದು, ಕತ್ತಲು, ಹಿಡಿಯಲು ಹಗ್ಗ. ಅದು ಬೇಡ ಎಂದರು. ಅದಕ್ಕೇನು ಮಾಡುತ್ತೀರೋ ನೋಡಿ.

ಆ ಅಡುಗೆಮನೆಗೆ ನಾನು ಬಂದಾಗ ನನಗೆ ಹತ್ತೊಂಬತ್ತು. ನಿಮ್ಮ ಮಾವ ಬೆಲ್ಲದ ವ್ಯಾಪಾರಕ್ಕೆಂದು ಹೈದರಾಬಾದಿಗೆ ಬಂದಿದ್ದರು. ಒಂದು ಸ್ಟೋವು, ಒಂದು ಹಂಚು, ಎರಡು ತಟ್ಟೆ. ಉಪ್ಪು ಎಲ್ಲಿಡಲಿ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಎಡಗಡೆ ಇಟ್ಟೆ. ಅಲ್ಲೇ ಉಳಿಯಿತು. ಆಮೇಲೆ ನೀನು ಬಂದೆ, ಕೇಳದೆ ಬಲಗಡೆ ಇಟ್ಟೆ. ನಾನು ತಿರುಗಿ ಎಡಕ್ಕಿಟ್ಟೆ. ಹನ್ನೆರಡು ವರ್ಷ ಆ ಉಪ್ಪಿನ ಡಬ್ಬಿ ತಿರುಗಾಡಿದೆ. ಇವತ್ತು ನೀನು ಏನು ಮಾಡಲಿ ಎಂದು ಕೇಳುತ್ತೀಯ, ನನಗೆ ಹೇಳಲು ಬರುವುದಿಲ್ಲ. ಎದುರಿಗಿದ್ದರೆ ಕೈ ತಾನೇ ತೋರಿಸುತ್ತದೆ.

ಒಲೆಯನ್ನು ಎಲ್ಲಕ್ಕಿಂತ ಕೊನೆಗೆ ಕಟ್ಟು. ನಾನು ಬರುವ ದಿನ ಬಿಸಿ ರೊಟ್ಟಿ ಬೇಕು. ಶೈಲಾಳ ಮನೆಯಲ್ಲಿ ಚಪಾತಿ ತಿಂದು ಸಾಕಾಗಿದೆ.

ಶರಣಬಸಮ್ಮ


ಲಿಂಗಂಪಲ್ಲಿ
4 ಸೆಪ್ಟೆಂಬರ್ 2024

ಚಿ. ಸೌ. ಶೈಲಶ್ರೀಗೆ ಅವ್ವನ ಆಶೀರ್ವಾದ.

ಮಹೇಶ ಫೋನಿನಲ್ಲಿ ಎಲ್ಲ ಸುಸೂತ್ರ ಆಯಿತು ಎಂದಷ್ಟೇ ಹೇಳಿರುತ್ತಾನೆ. ಅವನ ಮಾತು ಗೊತ್ತಲ್ಲ. ನಡೆದದ್ದನ್ನು ನಾನು ಬರೆಯುತ್ತೇನೆ. ಈಗ ಕಾಗದ ಬರೆಯುವುದು ರೂಢಿಯಾಗಿದೆ.

ನಾವು ಬಂದ ರೈಲು ಲಿಂಗಂಪಲ್ಲಿಯಲ್ಲೂ ನಿಂತಿತು. ವೈಜನಾಥ ಇಲ್ಲೇ ಇಳಿಯೋಣ, ಹೊಸ ಮನೆ ಹತ್ತಿರ ಎಂದು ಸನ್ನೆ ಮಾಡಿದ. ನಾನು ಸೀಟು ಬಿಟ್ಟು ಏಳಲಿಲ್ಲ. ಬೇಗಂ ಬಜಾರಿನಲ್ಲಿ ಕೆಲಸ ಉಳಿದಿರುವಾಗ ಇಲ್ಲಿ ಇಳಿದು ಏನು ಮಾಡಲಿ?

ಓಣಿಯಲ್ಲಿ ಲಾರಿ ನಿಂತಿತ್ತು. ಮೆಟ್ಟಿಲ ತುಂಬ ಮಂದಿ. ಅಲಮಾರಿ ಇಳಿಯುತ್ತಿದೆ, ಮಂಚ ಇಳಿಯುತ್ತಿದೆ. ಲಹರಿ ಮೈತುಂಬ ಧೂಳು ಮಾಡಿಕೊಂಡು ಓಡಿ ಬಂದು ಕಾಲಿಗೆರಗಿದಳು. ಸೊರಗಿದ್ದಾಳೆ. ಆಮೇಲೆ ಹಮಾಲರ ಮುಖಂಡ ಮಲ್ಲುವಿಗೆ ಏನೋ ಹೇಳಿದಳು. ಅವನು ನನ್ನ ಕಾಲು ನೋಡಿದ, ಮೆಟ್ಟಿಲು ನೋಡಿದ, ಲಾರಿಗೆ ಏರಿಸಿದ್ದ ನಿಮ್ಮಪ್ಪನ ತೋಳಿನ ಕುರ್ಚಿಯನ್ನು ಕೆಳಗಿಳಿಸಿದ. ನನ್ನನ್ನು ಅದರಲ್ಲಿ ಕೂಡಿಸಿ ಹಗ್ಗ ಕಟ್ಟಿದರು. ನಾಲ್ಕು ಜನ ಎತ್ತಿದರು. ಮಲ್ಲು ಅದೇನೋ ಹೇಳುತ್ತಿದ್ದ. "ಅಮ್ಮಾ, ಹಿಲೋ ನಕ್ಕೋ, ಹಿಲೋ ನಕ್ಕೋ" ಅನ್ನುತ್ತಿದ್ದನಂತೆ, ಅಲುಗಾಡಬೇಡ ಎಂದು. ಪಿಂಕಿ ಆಮೇಲೆ ಬರೆದು ತೋರಿಸಿದಳು. ನನಗೆ ಕೇಳುತ್ತದೆಯೇ? ನಾನು ಕೈ ಎತ್ತಿ ಸುಂದರಾಬಾಯಿಗೆ ನಮಸ್ಕಾರ ಮಾಡುತ್ತಿದ್ದೆ. ಮನೆಯ ಸಾಮಾನೆಲ್ಲ ಕೆಳಗಿಳಿಯುವಾಗ ನಾನೊಬ್ಬಳು ಮೇಲೆ ಹತ್ತುತ್ತಿದ್ದೆ. ಓಣಿಯ ಮಂದಿ ಅಂಗಡಿ ಬಿಟ್ಟು ಬಂದು ನೋಡಿದರು. ಮದುವೆಯಲ್ಲೂ ನನಗೆ ಇಂಥ ಮೆರವಣಿಗೆ ಆಗಿರಲಿಲ್ಲ.

ಮನೆ ಖಾಲಿ ಇತ್ತು. ನಿಮ್ಮಪ್ಪನ ಫೋಟೋ ಇದ್ದ ಕಡೆ ಗೋಡೆ ಬೆಳ್ಳಗೆ ಕಾಣುತ್ತಿತ್ತು. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಅಡುಗೆಮನೆ ಮಾತ್ರ ನಾನು ಬಿಟ್ಟು ಹೋದ ಹಾಗೇ ಇತ್ತು. ಒಲೆಯ ಮೇಲೆ ಹಂಚು, ಪರಾತಿನಲ್ಲಿ ಜೋಳದ ಹಿಟ್ಟು. ಹೇಳಿದ ಹಾಗೆ ಬಿಸಿ ರೊಟ್ಟಿ ಕೊಟ್ಟಳು. ಅವಳ ರೊಟ್ಟಿ ಈಗಲೂ ಒಂದು ಕಡೆ ದಪ್ಪ. ಎರಡು ತಿಂದೆ.

ಮರುದಿನವೆಲ್ಲ ನಾನು ಕುರ್ಚಿಯ ಮೇಲೆ, ಅವಳು ನೆಲದ ಮೇಲೆ. ನಾನು ಬೆರಳು ತೋರಿಸುವುದು, ಅವಳು ಸುತ್ತುವುದು. ಅರ್ಧ ಸಾಮಾನು ನಾನೇ ಬೇಡ ಎಂದೆ. ಕಿವಿ ಮುರಿದ ಬಾಣಲೆ, ಮುಚ್ಚಳವಿಲ್ಲದ ಡಬ್ಬಿಗಳು. ಅವಳು ಆಶ್ಚರ್ಯದಿಂದ ನೋಡಿದಳು. "ಇಷ್ಟ ವರ್ಷ ಯಾಕ ಇಟ್ಕೊಂಡಿದ್ರಿ ಮತ್ತ?" ಎಂದು ಹಾಳೆಯ ಮೇಲೆ ನಮ್ಮ ಮಾತಿನಲ್ಲೇ ಬರೆದು ತೋರಿಸಿದಳು. "ತಗೀಲೇನು ಅಂತ ಯಾರೂ ಕೇಳಿರ್ಲಿಲ್ಲವ್ವಾ" ಅಂದೆ. ಇಬ್ಬರೂ ನಕ್ಕೆವು. ಮಹೇಶ ಬಾಗಿಲಲ್ಲಿ ನಿಂತು ಗಾಬರಿಯಿಂದ ನೋಡುತ್ತಿದ್ದ.

ಗುರುವಾರ ಅದೇ ಕುರ್ಚಿಯಲ್ಲಿ ನನ್ನನ್ನು ಇಳಿಸಿ ಹೊಸ ಮನೆಗೆ ಕರೆತಂದರು. ಇಲ್ಲಿ ಹಾಲು ಉಕ್ಕಿಸಿದ್ದು ಇಬ್ಬರೂ ಸೇರಿ. ಪಾತ್ರೆ ಇಟ್ಟವಳು ನಾನು, ಒಲೆ ಹಚ್ಚಿದವಳು ಅವಳು. ಹಂಡೆ ಬಚ್ಚಲಿಗೆ ಹಿಡಿಸಲಿಲ್ಲ. ಬಾಲ್ಕನಿಯಲ್ಲಿದೆ, ಲಹರಿ ಅದರಲ್ಲಿ ಕರಿಬೇವಿನ ಸಸಿ ಹಚ್ಚುತ್ತಾಳಂತೆ. ಹಚ್ಚಲಿ.

ನಿನ್ನ ಮನೆಯಲ್ಲಿ ನನಗೆ ಏನೂ ಕಡಿಮೆ ಇರಲಿಲ್ಲ, ತಂಗೀ. ಅಳಿಯನಿಗೂ ಹೇಳು. ದೀಪಾವಳಿಗೆ ಎಲ್ಲರೂ ಇಲ್ಲಿಗೇ ಬನ್ನಿ.

ನಿನ್ನ ಅವ್ವ


ಲಿಂಗಂಪಲ್ಲಿ
19 ಸೆಪ್ಟೆಂಬರ್ 2024

ಚಿ. ಸೌ. ಲಹರಿಗೆ ಆಶೀರ್ವಾದ. ನಿಮ್ಮ ತಂದೆತಾಯಿಗೆ ನನ್ನ ಶರಣು ಹೇಳು.

ನಿನ್ನನ್ನು ದಾವಣಗೆರೆಗೆ ಕಳಿಸಿದ್ದು ಸುಮ್ಮನೆ ಕೂತು ಉಣ್ಣಲು. ನೀನು ದಿನಕ್ಕೆ ನಾಲ್ಕು ಸಲ ಮಹೇಶನಿಗೆ ಫೋನು ಮಾಡಿ ಸಾರು ಮಾಡಿದರೇ, ಪಿಂಕಿ ಹಾಲು ಕುಡಿದಳೇ ಎಂದು ಕೇಳುತ್ತಿದ್ದೀಯಂತೆ. ಎಲ್ಲ ಕುಡಿದಿದ್ದಾರೆ, ಎಲ್ಲ ಉಂಡಿದ್ದಾರೆ. ಸಾಮಾನು ಕಟ್ಟಿದ ಧೂಳಿಗೆ ಹತ್ತಿದ ಕೆಮ್ಮು ಹೋಗುವವರೆಗೆ ಬರಬೇಡ.

ಇವತ್ತಿನ ಸುದ್ದಿ ಕೇಳು. ಲಿಫ್ಟಿನಲ್ಲಿ ಒಬ್ಬಳೇ ಹೋಗಬಾರದು ಎಂದು ನಿನ್ನ ಗಂಡ ಹೇಳಿದ್ದಾನೆ. ಅವನು ಕಾರ್ಖಾನೆಗೆ, ಪಿಂಕಿ ಶಾಲೆಗೆ ಹೋದ ಮೇಲೆ ನಾನು ಕೋಲು ಹಿಡಿದು ಬಾಗಿಲು ಎಳೆದುಕೊಂಡೆ. ಗುಂಡಿ ಒತ್ತಿದೆ. ಬಾಗಿಲು ಮುಚ್ಚಿಕೊಂಡಾಗ ಕೋಲನ್ನು ಎರಡೂ ಕೈಯಲ್ಲಿ ಹಿಡಿದೆ. ತೆರೆದಾಗ ಬಿಸಿಲು ಕಂಡಿತು. ಬೇಗಂ ಬಜಾರಿನಲ್ಲಿ ಎರಡು ವರ್ಷ ಮೆಟ್ಟಿಲು ಇಳಿಯದೆ ಇದ್ದವಳು ನಾನು. ಗೇಟಿನ ಹೊರಗೆ ಪಲ್ಲೆ ಮಾರುವ ಹೆಂಗಸು ಕೂತಿದ್ದಳು. ಪುಂಡಿ ಸೊಪ್ಪಿನ ಕಟ್ಟು ತೋರಿಸಿದೆ. ಅವಳ ತುಟಿ ಗೋಂಗೂರ ಎಂದಿತು, ನಾನು ಪುಂಡಿ ಎಂದೆ. ಅವಳು ನಕ್ಕು ಮತ್ತೆ ಗೋಂಗೂರ ಎಂದಳು. ನನಗೆ ಕಿವಿ ಕೇಳದೆಂದು ಕೈ ಆಡಿಸಿದೆ. ಅದಕ್ಕವಳು ತನ್ನ ಪಕ್ಕದ ಮಣೆ ಒರೆಸಿ ಕೂಡಿಸಿಕೊಂಡಳು. ಬಹಳ ಹೊತ್ತು ಕೂತೆ. ಎದುರು ಮನೆಯ ಹೆಣ್ಣುಮಗಳು ಬಂದಳು, ಯಾರದೋ ಮೊಮ್ಮಗು ಬಂತು, ಬೀದಿಯಲ್ಲಿ ಒಂದು ಮದುವೆ ಸಾಮಾನಿನ ಗಾಡಿ ಹೋಯಿತು. ಎಲ್ಲ ನೋಡಿದೆ.

ಸಂಜೆ ಮಹೇಶ ಪುಂಡಿ ಪಲ್ಲೆ ಉಂಡ. ಎಲ್ಲಿಂದ ಬಂತು ಎಂದು ಕೇಳಲೇ ಇಲ್ಲ.

ರೈಲು ಸ್ಟೇಷನ್ ಇಲ್ಲಿಂದ ದೂರವಿಲ್ಲವಂತೆ, ಪಲ್ಲೆಯವಳು ಕೈಸನ್ನೆಯಲ್ಲೇ ತಿಳಿಸಿದಳು. ನಾಳೆ ಅಲ್ಲಿಯವರೆಗೆ ನಡೆದು, ರೈಲು ನೋಡಿ, ಒಂದು ಕಪ್ ಚಹಾ ಕುಡಿದು ಬರುತ್ತೇನೆ. ನಿನಗೊಬ್ಬಳಿಗೇ ತಿಳಿಸಿದ್ದು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಾನು ಹೋಗಿ ಬಂದಾಗಿರುತ್ತದೆ.

ಶರಣಬಸಮ್ಮ